ಹಳೇ ಕ್ಯೂನಲ್ಲಿ ಪೂಲ್ ಆಡ್ತಿದ್ದೀರಾ? ಸದ್ದು, ಡೊಂಕು, ಮಿಸ್‌ಕ್ಯೂ ಎಲ್ಲಿಂದ ಬರ್ತಿದೆ ಅಂತ ಹುಡುಕೋದು ಹೀಗೆ

ಹಳೇ ಕ್ಯೂ, ಅಂದ್ರೆ ಚೆಂಡು ಹೊಡೆಯೋ ಕೋಲು, ಕೈಗೆ ಬಂದ ತಕ್ಷಣ ಜನ ಮಾಡೋ ಮೊದಲ್ನೇ ಕೆಲಸ ಸ್ಯಾಂಡ್ ಪೇಪರ್ ತಗೊಂಡು ಶಾಫ್ಟ್ (ಕೋಲಿನ ಮುಂದಿನ ತೆಳ್ಳನೆ ಭಾಗ) ಉಜ್ಜೋದು, ಎರಡ್ನೇದು ಲೇತ್ ಯಾರ ಹತ್ರ ಇದೆ ಅಂತ ವಿಚಾರಿಸೋದು. ದಯವಿಟ್ಟು ಎರಡೂ ಬೇಡ. 13 ಮಿ.ಮೀ. ಇದ್ದ ಮೇಪಲ್ ಶಾಫ್ಟು ಉಜ್ಜಿ ಉಜ್ಜಿ 12.5ಕ್ಕೆ ಇಳೀತು ಅಂದ್ರೆ ಅದು ಬೇರೆ ಕ್ಯೂನೇ ಆಯ್ತು, ಹೋದ ಮರ ಹೋಯ್ತು. ಝರ್ ಅಂತಿದೆ, ಡೊಂಕಿದೆ, ತುದಿಯ ಚರ್ಮದ ಟಿಪ್ ಚೆಂಡಿನ ಮೇಲೆ ಜಾರ್ತಿದೆ (ಇದೇ ಮಿಸ್‌ಕ್ಯೂ), ನೋಡಿದ ಕಡೆ ಚೆಂಡು ಹೋಗ್ತಿಲ್ಲ ಅನ್ನೋ ಕಂಪ್ಲೇಂಟ್‌ಗಳಲ್ಲಿ ಮರದ್ದೇ ತಪ್ಪು ಇರೋದು ಕಮ್ಮಿ, ಟಿಪ್ಪು, ಸ್ಕ್ರೂ, ಎರಡು ಪೀಸು ಸೇರೋ ಜಾಯಿಂಟಿನ ಕೊಳೆ, ಟೇಬಲ್ಲು, ಚೆಂಡು, ಇಲ್ಲಾ ನಮ್ಮ ಕೈ, ಇದ್ರಲ್ಲಿ ಯಾವ್ದೋ ಒಂದು ಇರುತ್ತೆ. ಅದಕ್ಕೇ ಬಿಚ್ಚಿ ವಾಪಸ್ ಹಾಕೋಕ್ಕೆ ಆಗೋದನ್ನ ಮೊದ್ಲು ನೋಡಿ, ಒಂದ್ಸಲಕ್ಕೆ ಒಂದನ್ನೇ ಬದಲಾಯಿಸಿ, ಮರಕ್ಕೆ ಕೈ ಹಾಕೋದು ಕಟ್ಟಕಡೇಗೆ.

ಮೊದ್ಲು ಕೈಲಿರೋದು ಯಾವ ಥರದ ಕ್ಯೂ ಅಂತ ಗೊತ್ತಾಗ್ಲಿ

ನಮ್ಮ ಕಡೆ ಹಳೇ ಕ್ಯೂ ಅಂದ್ರೆ ಸಾಮಾನ್ಯವಾಗಿ ಎರಡು ಥರ ಕಣ್ಣಿಗೆ ಬೀಳುತ್ತೆ. ಒಂದು ಅಮೆರಿಕದ್ದು, ಎರಡು ಪೀಸು, ಮೇಪಲ್ ಶಾಫ್ಟು, ಒಟ್ಟು 57-58 ಇಂಚು ಉದ್ದ, ಟಿಪ್ಪು 13 ಮಿ.ಮೀ. ಆಸುಪಾಸು, ಹಿಡಿಯೋ ಜಾಗದಲ್ಲಿ ಐರಿಶ್ ಲಿನನ್ ದಾರ ಸುತ್ತಿರ್ತಾರೆ, ಅಲ್ಲಿ ಸೆಟಲ್ ಆಗಿರೋ ಚಿಕ್ಕಪ್ಪನೋ ಭಾವನೋ ಬರುವಾಗ ತಂದಿರ್ತಾರೆ. ಇನ್ನೊಂದು ಇಂಗ್ಲಿಷ್ ಬಿಲಿಯರ್ಡ್ಸ್ ಕಾಲದ್ದು, ಆಶ್ ಮರ, ಎಬನಿ ಬಟ್ಟು (ಕೈಯಲ್ಲಿ ಹಿಡಿಯೋ ಹಿಂದಿನ ದಪ್ಪ ಭಾಗ), 9.5-10 ಮಿ.ಮೀ. ಟಿಪ್ಪು, ಹಿತ್ತಾಳೆ ಫೆರೂಲು (ಟಿಪ್ಪಿನ ಕೆಳಗಿನ ಬಳೆ), ಬಟ್ಟಿನ ಒಂದು ಕಡೆ ಚಪ್ಪಟೆಯಾಗಿ ಕೆತ್ತಿರುತ್ತೆ. ಸ್ನೂಕರ್ ಅನ್ನೋ ಆಟಾನೇ 1875ರಲ್ಲಿ ಜಬಲ್ಪುರದ ಮಿಲಿಟರಿ ಮೆಸ್ಸಲ್ಲಿ ಹುಟ್ಟಿದ್ದು, ಬೆಂಗಳೂರು ಕ್ಲಬ್ 1868ರದ್ದು, ಹಾಗಿರುವಾಗ ಇಲ್ಲಿ ಯಾರದ್ದೋ ಅಟ್ಟದ ಮೇಲೆ ಆಶ್ ಕ್ಯೂ ಸಿಕ್ರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಆಶ್ ಕ್ಯೂನಲ್ಲಿ ಪೂಲ್ ಆಡಬಹುದಾ ಅಂತ ಕೇಳ್ತಾರೆ. ಆಡಬಹುದು, ಆದ್ರೆ ಬ್ರೇಕ್, ಅಂದ್ರೆ ಚೆಂಡಿನ ಗುಂಪು ಚದುರಿಸೋ ಮೊದಲ್ನೇ ಹೊಡೆತ, ಮಾತ್ರ ಹೊಡೀಬೇಡಿ. ಸ್ನೂಕರ್ ಚೆಂಡು 52.5 ಮಿ.ಮೀ., ಪೂಲ್ ಚೆಂಡು 57.15 ಮಿ.ಮೀ., ತೂಕ 156ರಿಂದ 170 ಗ್ರಾಂ, ಅದಕ್ಕೆ ಅಷ್ಟು ತೆಳ್ಳಗಿರೋ ತುದೀಲಿ ಜೋರಾಗಿ ಹೊಡೆದ್ರೆ ಟಿಪ್ಪು ಅಣಬೆ ಥರ ಅಗಲ ಆಗಿ ಫೆರೂಲಿಂದ ಆಚೆ ಬರುತ್ತೆ, ಆಮೇಲೆ ಫೆರೂಲೂ ಸಡಿಲ ಆಗುತ್ತೆ. ಬ್ರೇಕಿಗೆ ಪಾರ್ಲರ್ ಕೋಲು ಇದ್ದೇ ಇದೆಯಲ್ಲ.

ಅಮೆರಿಕದ ಕ್ಯೂ ಆದ್ರೆ ಒಳಗಡೆ ಜೋಡಣೆ ಹೇಗಿದೆ ಅನ್ನೋದು ಮುಖ್ಯ. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಅಂತ ಒಂದೇ ಪೀಸಿನ ಕ್ಯೂ ಬರ್ತಿತ್ತು, ಅದನ್ನ ಮಧ್ಯಕ್ಕೆ ಕೊಯ್ದು ಜಾಯಿಂಟ್ ಕೂರಿಸಿ ಎರಡು ಪೀಸು ಮಾಡ್ತಿದ್ರು, ಬ್ರೂಕ್ಲಿನ್‌ನಲ್ಲಿ 1959ರಲ್ಲಿ ಕ್ಯೂ ಮಾಡೋಕ್ಕೆ ಶುರು ಮಾಡಿದ ಜಾರ್ಜ್ ಬಾಲಬುಷ್ಕ ಕೂಡ ಮೊದಮೊದಲು ಅದನ್ನೇ ಬಳಸಿದ್ದು. ಇಂಥದ್ದರಲ್ಲಿ ಹಿಡಿಯ ಮರಾನೇ ಚೂಪಾಗಿ ಮುಂದಿನ ಮೇಪಲ್ ಒಳಗೆ ಹೋಗಿ ಕಚ್ಕೊಂಡಿರುತ್ತೆ, ಇದು ಫುಲ್ ಸ್ಪ್ಲೈಸ್. ಬೇರೆ ಥರದವುಗಳಲ್ಲಿ ಮುಂದಿನ ಮರ, ಹಿಡಿಯ ಮರ ಬೇರೆ ಬೇರೆ, ಎರಡನ್ನೂ ದಾರದ ಸುತ್ತಿನ ಹತ್ರ ಒಳಗೊಂದು ಸ್ಕ್ರೂ ಹಾಕಿ ಅಂಟಿಸಿರ್ತಾರೆ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ಸದ್ದು ಬರೋ ಜಾಗ ಎರಡರಲ್ಲೂ ಬೇರೆ. ಅಂದಹಾಗೆ ಬಾಲಬುಷ್ಕ 1975ರಲ್ಲಿ ತೀರಿಕೊಂಡ್ರು, ಆಮೇಲೆ ಅವರ ಹೆಸರಲ್ಲಿ ಕಾರ್ಖಾನೆ ಕ್ಯೂಗಳೂ ಬಂದಿವೆ, ಹೆಸರು ನೋಡಿದ ತಕ್ಷಣ ಸೈಟ್ ತಗೊಳ್ಳೋ ಲೆಕ್ಕಾಚಾರಕ್ಕೆ ಕೂರಬೇಡಿ.

ನಿಜವಾಗ್ಲೂ ಕ್ಯೂದೇ ತಪ್ಪಾ?

ಕುಣಿಯೋಕ್ಕೆ ಬರದವಳು ನೆಲ ಡೊಂಕು ಅಂದ್ಲಂತೆ, ಸರಿ, ಆದ್ರೆ ನಮ್ಮ ಪಾರ್ಲರ್‌ಗಳಲ್ಲಿ ಎಷ್ಟೋ ಸಲ ನೆಲ ನಿಜವಾಗ್ಲೂ ಡೊಂಕಿರುತ್ತೆ. ಒಂದು ಚೆಂಡನ್ನ ತುಂಬಾ ನಿಧಾನಕ್ಕೆ ಟೇಬಲ್ ಉದ್ದಕ್ಕೂ ಬಿಡಿ, ನಿಲ್ಲೋ ಹೊತ್ತಿಗೆ ಯಾವ ಕಡೆ ವಾಲುತ್ತೆ ನೋಡಿ, ಆಮೇಲೆ ಅದೇ ದಾರೀಲಿ ಎದುರು ಕಡೆಯಿಂದ ಬಿಡಿ. ಎರಡೂ ಸಲ ಒಂದೇ ಗೋಡೆ ಕಡೆಗೆ ವಾಲಿದ್ರೆ ಟೇಬಲ್ ಸಮ ಇಲ್ಲ, ಕ್ಯೂ ಬಗ್ಗೆ ಮಾತಾಡೋದೇ ಬೇಡ.

ಇನ್ನೊಂದು ಯಾರೂ ನೋಡದೇ ಇರೋದು ಬಿಳೀ ಚೆಂಡು. ಎಲ್ಲಾ ಹೊಡೆತ ತಿನ್ನೋದು ಅದೇ, ಹಾಗಾಗಿ ಸವೆದು ಚಿಕ್ಕದಾಗಿರುತ್ತೆ, ಇಲ್ಲಾ ಹಳೇದು ಕಳೆದೋಗಿ ಬೇರೆ ಸೆಟ್ಟಿಂದು ತಂದಿಟ್ಟಿರ್ತಾರೆ. ಎರಡು ಬಣ್ಣದ ಚೆಂಡಿನ ಮಧ್ಯ ಬಿಳೀದನ್ನ ಅಂಟಿಸಿಟ್ಟು ಮೇಲೆ ಒಂದು ಸ್ಟೀಲ್ ಸ್ಕೇಲ್ ಇಡಿ. ಸ್ಕೇಲಿನ ಕೆಳಗೆ ಬೆಳಕು ಕಂಡ್ರೆ ಬಿಳೀದು ಚಿಕ್ಕದು, ಸ್ಕೇಲ್ ಅತ್ತ ಇತ್ತ ತೂಗಿದ್ರೆ ದೊಡ್ಡದು. ಭಾರದ ಬಿಳೀ ಚೆಂಡು ಎಷ್ಟು ಕೆಳಗೆ ಹೊಡೆದ್ರೂ ವಾಪಸ್ ಸರಿಯಾಗಿ ಬರಲ್ಲ, ಆಗ ನಾವು ಟಿಪ್ಪಿಗೆ ಬೈತೀವಿ. ಇವೆರಡೂ ಸರಿ ಇದ್ರೆ ಅದೇ ಶಾಟನ್ನ ಪಾರ್ಲರ್ ಕೋಲಲ್ಲಿ ಹೊಡೀರಿ, ಅದರಲ್ಲೂ ಅದೇ ತೊಂದ್ರೆ ಬಂತು ಅಂದ್ರೆ ಮುಂದೆ ಓದೋದಕ್ಕಿಂತ ಪ್ರಾಕ್ಟೀಸ್ ಮಾಡೋದು ಒಳ್ಳೇದು.

ಹೊಡೆದಾಗ ಝರ್ ಅನ್ನೋ ಸದ್ದು

ಹಳೇ ಕ್ಯೂಗಳಲ್ಲಿ ಜಾಸ್ತಿ ತಲೆ ತಿನ್ನೋದು ಇದೇ. ಟಕ್ ಅಂತ ಒಂದೇ ಸದ್ದು ಬರ್ಬೇಕು, ಅದರ ಬಾಲ ಹಿಡ್ಕೊಂಡು ಸಣ್ಣದಾಗಿ ಝರ್ ಅಂತ ನಡುಕ ಬಂದ್ರೆ ಎಲ್ಲೋ ಏನೋ ಸಡಿಲ ಇದೆ. ಕಿವಿ ಹೇಳೋ ಜಾಗಾನ ನಂಬಬೇಡಿ, ನಡುಕ ಮರದ ಉದ್ದಕ್ಕೂ ಓಡುತ್ತೆ, ಬಟ್ಟಿನ ತುದೀಲಿರೋ ಬೋಲ್ಟ್ ಅಲುಗಾಡ್ತಿದ್ರೂ ಜಾಯಿಂಟಲ್ಲೇ ಸದ್ದು ಬಂದಂಗೆ ಅನ್ಸುತ್ತೆ.

ಮೊದ್ಲು ಜಾಯಿಂಟ್ ಒಂದ್ಸಲ ಕೈಯಲ್ಲೇ ಬಿಗಿ ಮಾಡಿ. ನಗಬೇಡಿ, ಆಟದ ಮಧ್ಯೆ ಅದು ಕಾಲು ಸುತ್ತು ಸಡಿಲ ಆಗೋದು ತುಂಬಾ ಕಾಮನ್ನು, ಅರ್ಧ ಕೇಸುಗಳು ಅಲ್ಲೇ ಮುಗಿಯುತ್ತೆ. ಆದ್ರೂ ಸದ್ದಿದ್ರೆ ಎರಡು ಪೀಸು ಬಿಚ್ಚಿ. ಶಾಫ್ಟನ್ನ ಎರಡು ಬೆರಳಲ್ಲಿ ಸಡಿಲವಾಗಿ ನೇತಾಡೋ ಥರ ಹಿಡ್ಕೊಂಡು ಇನ್ನೊಂದು ಕೈ ಬೆರಳ ಗೆಣ್ಣಿಂದ ತಟ್ಟಿ, ಶಾಫ್ಟ್ ಸರಿ ಇದ್ರೆ ಸಣ್ಣದಾಗಿ ಕಂಠ ಬಿಟ್ಟು ಹಾಡಿದಂಗೆ ಸದ್ದು ಬರುತ್ತೆ, ಒಡಕು ಸದ್ದು ಬಂದ್ರೆ ಟಿಪ್ಪಿನ ಅಂಟೋ ಫೆರೂಲೋ ಬಿಟ್ಟಿದೆ. ಫೆರೂಲಿನ ಬುಡದಲ್ಲಿ ಸುತ್ತಲೂ ಟಿಪ್ಪಿಗೆ ಹಚ್ಚೋ ನೀಲಿ ಚಾಕ್ ತುಂಬ್ಕೊಂಡ ಕೂದಲೆಳೆಯಷ್ಟು ಗೆರೆ ಇದ್ಯಾ ನೋಡಿ, ಒರೆಸಿದ್ರೂ ಹೋಗದ ಗೆರೆ ಅಂದ್ರೆ ಅಲ್ಲಿ ಸಂದು ಬಿದ್ದಿದೆ.

ಶಾಫ್ಟ್ ಪಾಸಾಯ್ತು ಅಂದ್ರೆ ಬಟ್ಟನ್ನ ಹಾಗೇ ತಟ್ಟಿ. ಸದ್ದು ಅಲ್ಲಿದ್ರೆ ತುದೀಲಿರೋ ರಬ್ಬರ್ ಬಂಪರ್ ತೆಗೀರಿ, ಕೆಲವು ಸುಮ್ನೆ ಒತ್ತಿ ಕೂರಿಸಿರೋದು, ಕೆಲವಕ್ಕೆ ಸ್ಕ್ರೂ ಇರುತ್ತೆ. ಬಂಪರ್ ಇಲ್ಲದೆ ಮತ್ತೆ ತಟ್ಟಿ, ಸದ್ದು ನಿಂತ್ರೆ ಕಳ್ಳ ಆ ಬಂಪರ್ ಸ್ಕ್ರೂನೇ. ನಿಲ್ಲದಿದ್ರೆ ತೂತಿನೊಳಗೆ ಟಾರ್ಚ್ ಬಿಡಿ, ತೂಕಕ್ಕೆ ಹಾಕಿರೋ ಉದ್ದನೆ ಬೋಲ್ಟ್ ಕಾಣುತ್ತೆ. ಸ್ಕ್ರೂಡ್ರೈವರ್ ಇಟ್ಟು ಬರೀ ಬೆರಳ ಜೋರಲ್ಲೇ ತಿರುಗಿತು ಅಂದ್ರೆ ಸಿಕ್ಕಿಬಿತ್ತು. ಅದನ್ನ ಹೊರಗೆ ತೆಗೆದು ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳೀ ಟೇಪ್ ಎರಡು ಸುತ್ತು ಸುತ್ತಿ ವಾಪಸ್ ಹಾಕಿ, ಕೂತ್ಕೊಂಡ ಮೇಲೆ ನಿಲ್ಲಿಸಿ, ಜೋರು ಮಾಡಿ ತಿರುಗಿಸಿದ್ರೆ ಹಳೇ ಮರ ಉದ್ದಕ್ಕೆ ಸೀಳುತ್ತೆ. ಇದೇ ಟೇಪನ್ನ ಜಾಯಿಂಟ್ ಪಿನ್ನಿಗೂ (ಎರಡು ಪೀಸನ್ನ ಸೇರಿಸೋ ಸ್ಕ್ರೂ) ಸುತ್ತೋ ಮಹಾನುಭಾವರಿದ್ದಾರೆ, ಅದು ಬೇಡ, ಅಲ್ಲಿ ಸುತ್ತಿದ್ರೆ ಎರಡು ಮುಖ ಸರಿಯಾಗಿ ಸೇರಲ್ಲ.

ಬೋಲ್ಟೂ ಗಟ್ಟಿ ಇದೆ, ಸದ್ದೂ ಇದೆ ಅಂದ್ರೆ ಒಬ್ರನ್ನ ಜೊತೆಗೆ ಕರೀರಿ. ಅವರು ತಟ್ತಾ ಇರ್ಲಿ, ನೀವು ಒಂದೊಂದೇ ಉಂಗುರದ ಮೇಲೆ, ಕಾಲರ್ ಮೇಲೆ, ಬಟ್ ಕ್ಯಾಪ್ ಮೇಲೆ ಹೆಬ್ಬೆರಳು ಒತ್ತಿ ಹಿಡ್ಕೊಂಡು ಬನ್ನಿ. ಯಾವುದನ್ನ ಒತ್ತಿದಾಗ ಸದ್ದು ಟಕ್ಕಂತ ಸಾಯುತ್ತೋ ಅದೇ ಸಡಿಲ. ಜಾಯಿಂಟ್ ಹತ್ರ ಅಲಂಕಾರಕ್ಕೆ ಹಾಕಿರೋ ಬೆಳ್ಳಿ ಬಣ್ಣದ ತೆಳು ಉಂಗುರಗಳು ಹೀಗೆ ಸಿಕ್ಕಿಬೀಳೋದು ಜಾಸ್ತಿ, ಸುತ್ತಲಿನ ಮರ ವರ್ಷಗಳಲ್ಲಿ ಒಣಗಿ ಕುಗ್ಗಿರುತ್ತೆ, ಲೋಹ ಕುಗ್ಗಲ್ಲ.

ಇನ್ನು ಉಳಿದಿದ್ದು ಕಷ್ಟದ್ದು. ಎರಡು ಮರ ಜೋಡಿಸಿದ ಕ್ಯೂ ಆದ್ರೆ ದಾರ ಸುತ್ತಿರೋ ಜಾಗದ ಮುಂದೊಂದು ಕೈ, ಹಿಂದೊಂದು ಕೈ ಇಟ್ಟು ಒದ್ದೆ ಬಟ್ಟೆ ಹಿಂಡೋ ಥರ, ಆದ್ರೆ ತುಂಬಾ ಮೆತ್ತಗೆ ತಿರುಚಿ. ಒಳಗೆ ಕ್ಲಿಕ್ ಅಂದ್ರೆ ಹಿಡಿಯ ಒಳಗಿನ ಜೋಡಣೆ ಅಂಟು ಬಿಟ್ಟಿದೆ. ಫುಲ್ ಸ್ಪ್ಲೈಸಿನಲ್ಲಿ ಈ ಜೋಡಣೆನೇ ಇಲ್ಲ, ಅಲ್ಲಿ ಚೂಪು ತುದಿಗಳ ಗೆರೆ ಮೇಲೆ ಉಗುರು ಎಳೀರಿ. ಉಗುರಿಗೆ ಸ್ವಲ್ಪ ಉಬ್ಬು ತಗುಲಿದ್ರೆ ಗಾಬರಿ ಬೇಡ, ಎರಡು ಜಾತಿ ಮರ ಒಂದೇ ಥರ ಕುಗ್ಗಲ್ಲ ಅಷ್ಟೇ. ಉಗುರು ಸಿಕ್ಕಾಕೊಳ್ಳೋ ಸಂದು, ಒತ್ತಿದ್ರೆ ಅಲುಗೋ ಗೆರೆ ಇದ್ರೆ ಮಾತ್ರ ಆಡೋದು ನಿಲ್ಲಿಸಿ. ಫೆವಿಕ್ವಿಕ್ ಬಿಡೋ ಆಸೆ ಬರುತ್ತೆ, ಬಿಡಬೇಡಿ, ಅದು ಒಳಗೆ ಹರಿದು ಅರ್ಧಕ್ಕೆ ಒಣಗಿಬಿಟ್ರೆ ಆಮೇಲೆ ಯಾವ ಒಳ್ಳೇ ಕೆಲಸಗಾರನೂ ಬಿಡಿಸೋಕ್ಕಾಗಲ್ಲ. ತುಂಬಾ ಹಳೇ ಕ್ಯೂಗಳಲ್ಲಿ ಪ್ರಾಣಿ ಚರ್ಮ ಮೂಳೆ ಕುದಿಸಿ ಮಾಡಿದ ಅಂಟು ಇರುತ್ತೆ, ಅದು ಬಿಸಿಗೂ ತೇವಕ್ಕೂ ಮೆತ್ತಗಾಗುತ್ತೆ, ಅದಕ್ಕೇ ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕೀಲಿ ಕ್ಯೂ ಇಡೋದು ಅಂದ್ರೆ ನಂಗೆ ಮೈ ಉರಿಯುತ್ತೆ, ಬಳ್ಳಾರಿ ಕಲಬುರಗಿ ಕಡೆಯವರಿಗಂತೂ ಕೈ ಮುಗಿದು ಹೇಳ್ತೀನಿ.

ಡೊಂಕು ಮತ್ತು ಜಾಯಿಂಟು

ಪೂಲ್ ಟೇಬಲ್ ಮೇಲೆ ಉರುಳಿಸಿ ನೋಡೋದು ಎಲ್ರೂ ಮಾಡೋ ಪರೀಕ್ಷೆ, ಆದ್ರೆ ಬಟ್ಟೆ ಮೆತ್ತಗಿರೋದ್ರಿಂದ ಸಣ್ಣ ಡೊಂಕು ಅಡಗಿಬಿಡುತ್ತೆ. ಮನೇಲಿ ಅಡುಗೆ ಕಟ್ಟೆಯ ಗ್ರಾನೈಟ್ ಇದ್ರೆ ಅದೇ ಬೆಸ್ಟು. ಶಾಫ್ಟ್ ಮಾತ್ರ ಇಟ್ಟು ನಿಧಾನಕ್ಕೆ ಉರುಳಿಸಿ, ಎದುರುಗಡೆ ಬೆಳಕಿರ್ಲಿ, ಕಣ್ಣು ಕಟ್ಟೆ ಮಟ್ಟಕ್ಕೆ ಇರ್ಲಿ. ಅದು ನೇರ ಹೋಗದೆ ಬಳುಕಿ ತಿರುಗುತ್ತೆ, ಅದು ಡೊಂಕಲ್ಲ, ಒಂದು ತುದಿ ಸಣ್ಣ ಇನ್ನೊಂದು ದಪ್ಪ ಇರೋದಕ್ಕೆ ಹಾಗೆ. ನೋಡಬೇಕಾದ್ದು ಕೆಳಗಿನ ಬೆಳಕು ಒಂದೊಂದು ಸುತ್ತಿಗೂ ತೆರೆದು ಮುಚ್ಚಿ ಆಗುತ್ತಾ ಅಂತ. ವಿಸಿಟಿಂಗ್ ಕಾರ್ಡ್ ದಪ್ಪದಷ್ಟು ಆಗ್ತಿದ್ರೆ ನಾನಾದ್ರೆ ತಲೆಕೆಡಿಸ್ಕೊಳ್ಳಲ್ಲ, ಅಷ್ಟು ವಯಸ್ಸಿಗೆ ಮನುಷ್ಯರಿಗೂ ಬೆನ್ನು ಬಾಗುತ್ತೆ. ಮುಂದಿನ ಒಂದಡಿಯಲ್ಲಿರೋ ಡೊಂಕು ಮಾತ್ರ ಬ್ರಿಡ್ಜ್ ಕೈಯಲ್ಲಿ (ಟೇಬಲ್ ಮೇಲಿಟ್ಟು ಕ್ಯೂಗೆ ಆಸರೆ ಕೊಡೋ ಕೈ) ಗೊತ್ತಾಗುತ್ತೆ, ಆಟಕ್ಕೂ ತೊಂದ್ರೆ ಕೊಡುತ್ತೆ.

ಆಮೇಲೆ ಬಟ್ಟನ್ನ ಹಾಗೇ ಉರುಳಿಸಿ, ಆಗ ಪಿನ್ನಿನ ತುದಿ ಮೇಲೆ ಕಣ್ಣಿಡಿ. ಬಟ್ಟು ನೇರ ಉರುಳ್ತಾ ಪಿನ್ ತುದಿ ಮಾತ್ರ ಸುತ್ತು ಹೊಡೀತಿದ್ರೆ ಪಿನ್ ಬಾಗಿದೆ. ಇಕ್ಕಳ ಹಿಡ್ಕೊಂಡು ನೇರ ಮಾಡೋಕ್ಕೆ ಹೋಗ್ಬೇಡಿ, ಥ್ರೆಡ್ ಹಾಳಾಗುತ್ತೆ, ಬುಡದ ಮರಾನೂ ಬಿರುಕು ಬಿಡುತ್ತೆ, ಇದೊಂದು ಕೆಲಸಕ್ಕೆ ಮಾತ್ರ ಲೇತ್ ಇರೋರ ಹತ್ರ ಹೋಗ್ಲೇಬೇಕು.

ಎರಡೂ ಬಿಡಿಯಾಗಿ ನೇರ ಇವೆ, ಜೋಡಿಸಿದ್ರೆ ಟಿಪ್ಪು ತೂರಾಡುತ್ತೆ ಅನ್ನೋರೇ ಜಾಸ್ತಿ. ಇಲ್ಲಿ ತೊಂದ್ರೆ ಇರೋದು ಜಾಯಿಂಟಿನ ಮುಖದಲ್ಲಿ. ಹಳೇ ಟೂತ್ ಬ್ರಶ್ಶಲ್ಲಿ ಪಿನ್ ಥ್ರೆಡ್ ಒಣಗಿದ್ದಾಗಲೇ ಉಜ್ಜಿ, ಎರಡು ಮುಖಾನೂ ಸ್ವಲ್ಪ ಸ್ಪಿರಿಟ್ ಹಚ್ಚಿದ ಬಟ್ಟೇಲಿ ಒರೆಸಿ, ಹಳೇ ಮೇಣ, ಚಾಕ್ ಪುಡಿ ಸೇರಿ ಗಟ್ಟಿಯಾಗಿರೋ ಕರೀ ಪದರ ಬರುತ್ತೆ. ಮತ್ತೆ ಜೋಡಿಸಿ ಟ್ಯೂಬ್‌ಲೈಟ್ ಎದುರು ಹಿಡಿದು ತಿರುಗಿಸ್ತಾ ನೋಡಿ, ಬೆಳಕು ಕಾಣೋ ಸಂದು ಸುತ್ತಲೂ ಒಂದೇ ಸಮ ಇದ್ರೆ ಶಾಫ್ಟ್ ಪೂರ್ತಿ ಕೂತಿಲ್ಲ, ಒಂದೇ ಕಡೆ ಬೆಳಕು ಬಂದ್ರೆ ಮುಖ ಸಮ ಇಲ್ಲ.

ಪೂರ್ತಿ ಕೂರದೇ ಇರೋದಕ್ಕೆ ಕಾರಣ ಬಹಳ ಸಲ ಹವಾಮಾನ. ಹಳೇ ಅಮೆರಿಕನ್ ಸ್ಟೀಲ್ ಜಾಯಿಂಟುಗಳಲ್ಲಿ ಶಾಫ್ಟಿನ ತುದೀಲಿ ಸಣ್ಣ ಮೂತಿ ಥರ ಒಂದು ಭಾಗ ಮುಂದಕ್ಕೆ ಬಂದಿರುತ್ತೆ, ಪೈಲಟ್ ಅಂತಾರೆ, ಅದು ಬಟ್ಟಿನ ಸ್ಟೀಲ್ ಕಾಲರ್ ಒಳಗೆ ಬಿಗಿಯಾಗಿ ಕೂರಬೇಕು. ಅದು ಮರದ್ದಾಗಿದ್ರೆ ಮಳೆಗಾಲದಲ್ಲಿ ಮಂಗಳೂರು ಉಡುಪಿ ಕಡೆ ಊದ್ಕೊಂಡು ಒಳಗೆ ಹೋಗಲ್ಲ ಅನ್ನುತ್ತೆ, ಅದೇ ಕ್ಯೂ ಫೆಬ್ರವರಿ ಮಾರ್ಚಲ್ಲಿ ಬೆಂಗಳೂರಿಗೆ ಬಂದ್ರೆ ಒಣಗಿ ಸಡಿಲಾಗಿ ಪ್ರತಿ ಹೊಡೆತಕ್ಕೂ ಕ್ಲಿಕ್ ಅನ್ನುತ್ತೆ. ಮರ ತೇವಕ್ಕೆ ಅಡ್ಡಕ್ಕೆ ಊದುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ, ಅದಕ್ಕೇ ಜಾಯಿಂಟಲ್ಲೇ ಮೊದ್ಲು ಗೊತ್ತಾಗೋದು. ಊದಿರೋದನ್ನ ಉಜ್ಜಿದ್ರೆ ಬೇಸಿಗೇಲಿ ಸಡಿಲ ಆಗಿ ಕಷ್ಟ ಪಡ್ತೀರಿ, ಒಣ ಜಾಗದಲ್ಲಿ ಮಲಗಿಸಿಟ್ಟು ಕಾಯಿರಿ. ಗೋಡೆಗೆ ಒರಗಿಸಿ ಮಾತ್ರ ಇಡಬೇಡಿ.

ಯಾರೋ ಬೇರೆ ಶಾಫ್ಟ್ ಹಾಕಿ ಮಾರಿರೋ ಕೇಸೂ ಇರುತ್ತೆ. 5/16-14, 5/16-18, 3/8-10 ಅಂತ ಪಿನ್‌ಗಳಿವೆ, ಮೊದಲ್ನೇದು ಪಿನ್ನಿನ ದಪ್ಪ ಇಂಚಲ್ಲಿ, ಎರಡ್ನೇದು ಇಂಚಿಗೆ ಎಷ್ಟು ಥ್ರೆಡ್ ಅಂತ. ಪಿನ್ ಪಕ್ಕ ಸ್ಕೇಲ್ ಇಟ್ಟು ಅರ್ಧ ಇಂಚಲ್ಲಿ ಎಷ್ಟು ಥ್ರೆಡ್ ಎಣಿಸಿ, 7 ಬಂದ್ರೆ 14ರದ್ದು, 9 ಬಂದ್ರೆ 18ರದ್ದು. ಶಾಫ್ಟ್ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಯ್ತು ಅಂದ್ರೆ ಅಲ್ಲೇ ನಿಲ್ಲಿಸಿ, ಥ್ರೆಡ್ ಬೇರೆ ಇದೆ, ಬಲವಂತ ಮಾಡಿದ್ರೆ ಒಳಗಿನ ಹಿತ್ತಾಳೆ ಇನ್‌ಸರ್ಟ್ ಹಾಳು.

ಡೊಂಕು ಶಾಫ್ಟನ್ನ ಆವಿ ಹಿಡಿದು, ಕಲ್ಲು ಕಟ್ಟಿ ನೇರ ಮಾಡೋ ವಿದ್ಯೆಗಳು ಬೇಕಾದಷ್ಟಿವೆ. ಆಗುತ್ತೆ, ಮುಂದಿನ ಮಳೆಗಾಲಕ್ಕೆ ವಾಪಸ್ ಬಾಗುತ್ತೆ. ಆಡೋಕ್ಕೆ ಹೊಸ ಶಾಫ್ಟ್ ಮಾಡಿಸ್ಕೊಳ್ಳಿ, ಹಳೇದನ್ನ ಕೇಸಲ್ಲಿ ಹಾಗೇ ಇಟ್ಕೊಳ್ಳಿ, ಮುಂದೆ ಮಾರೋದಾದ್ರೂ ಒರಿಜಿನಲ್ ಶಾಫ್ಟ್ ಜೊತೆಗಿರ್ಬೇಕು.

ಮಿಸ್‌ಕ್ಯೂ

ಟಿಪ್ಪಾ, ಕೈಯಾ ಅಂತ ತೀರ್ಮಾನ ಮಾಡೋದು ಸುಲಭ. ಬಟ್ಟಿನ ಮೇಲೆ ಒಂದು ಕಡೆ ಸಣ್ಣ ಟೇಪ್ ಅಂಟಿಸಿ, ಟೇಪ್ ಮೇಲ್ಗಡೆ ಇಟ್ಕೊಂಡು ಹತ್ತಾರು ಸಲ ಸೈಡ್ ಹಾಕಿ, ಅಂದ್ರೆ ಬಿಳೀ ಚೆಂಡಿನ ನಡು ಬಿಟ್ಟು ಬಲಕ್ಕೋ ಎಡಕ್ಕೋ, ಹೊಡೀರಿ, ಆಮೇಲೆ ಕ್ಯೂ ಅರ್ಧ ಸುತ್ತು ತಿರುಗಿಸಿ ಟೇಪ್ ಕೆಳಗಿರೋ ಹಾಗೆ ಹೊಡೀರಿ. ಮೊದ್ಲು ಬಲಗಡೆ ಜಾರ್ತಿದ್ದಿದ್ದು ಈಗ ಎಡಗಡೆ ಜಾರೋಕ್ಕೆ ಶುರುವಾದ್ರೆ ಟಿಪ್ಪಿನ ಒಂದು ಭಾಗ ಕೆಟ್ಟಿದೆ, ಹೆಂಗೆ ತಿರುಗಿಸಿದ್ರೂ ಬಲಗಡೆನೇ ಜಾರಿದ್ರೆ ನಿಮ್ಮ ಕೈ.

ಎಷ್ಟು ಆಚೆ ಹೊಡೀತಿದ್ದೀರ ಅಂತ ನೋಡೋಕ್ಕೆ ಬಿಳೀ ಚೆಂಡಿನ ಬದ್ಲು ಪಟ್ಟೆ ಚೆಂಡು ಇಡಿ, ಪಟ್ಟೆ ನೆಟ್ಟಗೆ ನಿಂತು ನಿಮ್ಮ ಕಡೆ ನೋಡ್ತಿರ್ಲಿ. ಚೆಂಡಿನ ನಡುವಿಂದ ತ್ರಿಜ್ಯದ ಸುಮಾರು ಅರ್ಧದಷ್ಟು, ಅಂದ್ರೆ 14 ಮಿ.ಮೀ. ಆಚೆ ಹೋದ್ರೆ ಎಂಥಾ ಟಿಪ್ಪಾದ್ರೂ ಜಾರುತ್ತೆ, ಪಟ್ಟೆಯ ಅಂಚು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಹೊಡೆದ ಮೇಲೆ ಚೆಂಡನ್ನ ಎತ್ತಿ ನೋಡಿ, ಚಾಕಿನ ನೀಲಿ ಚುಕ್ಕೆ ಪಟ್ಟೆಯೊಳಗೇ ಇದ್ದು ಜಾರಿದ್ರೆ ಟಿಪ್ಪು, ಪಟ್ಟೆ ದಾಟಿದ್ರೆ ಅದೂ ಕೈಯೇ.

ಟಿಪ್ಪಿನದ್ದೇ ಅಂತ ಗೊತ್ತಾದ್ರೆ ಚಾಕ್ ಹಾಕಿ ಬೆಳಕಿಗೆ ಹಿಡೀರಿ. ವರ್ಷಗಟ್ಲೆ ಕೇಸಲ್ಲಿದ್ದ ಚರ್ಮ ಕಲ್ಲಾಗಿರುತ್ತೆ, ಮಧ್ಯ ಮಧ್ಯ ಕನ್ನಡಿ ಥರ ಹೊಳೆಯೋ ಜಾಗಗಳಲ್ಲಿ ಚಾಕ್ ಹಿಡಿದೇ ಇರಲ್ಲ. ಪಕ್ಕದಿಂದ ಒಂದು ರೂಪಾಯಿ ನಾಣ್ಯದ ಅಂಚು ಹಿಡಿದು ನೋಡಿ, ಅದೇ ಗುಂಡಗೆ ಇದ್ರೆ ಸಾಕು, ಚಪ್ಪಟೆ ಆಗಿದ್ರೆ ಟಿಪ್ಪನ್ನ ಮಾತ್ರ ಆಕಾರಕ್ಕೆ ತನ್ನಿ. 2 ಮಿ.ಮೀ.ಗಿಂತ ಕಮ್ಮಿ ಉಳಿದಿದ್ರೆ ಬದಲಾಯಿಸಿಬಿಡಿ. ಹಳೇ ಮೇಪಲ್‌ಗೆ ಸಿಗೋ ಟಿಪ್ಪುಗಳಲ್ಲಿ ಎಲ್ಕ್ ಮಾಸ್ಟರ್ ಮೆತ್ತಗೆ, ಟ್ರಯಾಂಗಲ್ ಗಟ್ಟಿ, ಎರಡೂ ಒಂದೇ ಪದರದ ಚರ್ಮ, ಹಲವು ಪದರದ ದುಬಾರಿ ಲೇಯರ್ಡ್ ಟಿಪ್ಪೇ ಬೇಕು ಅಂತ ಏನಿಲ್ಲ. ಚಾಕನ್ನ ಗಿರಗಿರ ತಿರುಗಿಸಿ ಕೊರೀಬೇಡಿ, 1897ರಲ್ಲಿ ಸ್ಪಿಂಕ್ಸ್ ಮತ್ತೆ ಹಾಸ್ಕಿನ್ಸ್ ಪೇಟೆಂಟ್ ಮಾಡಿದಾಗಿಂದ ಅದರಲ್ಲಿರೋದು ಸಿಲಿಕಾ, ಅಲ್ಯುಮಿನಿಯಂ ಆಕ್ಸೈಡ್ ಥರದ ಉಜ್ಜೋ ಪುಡಿಗಳೇ, ಹಳೇ ಫೆರೂಲಿನ ಕತ್ತು ಸವೆಯೋದು ಅದರಿಂದಾನೇ. ಕುಂಚದಲ್ಲಿ ಬಳಿಯೋ ಹಾಗೆ ಸವರಿ ಸಾಕು.

ಸೈಡ್ ಹಾಕಿದ್ರೆ ಚೆಂಡು ಬೇರೆ ಕಡೆ ಹೋಗುತ್ತೆ

ಇದು ದೋಷಾನೇ ಅಲ್ಲ. ಬಲಗಡೆ ಹೊಡೆದ್ರೆ ಬಿಳೀ ಚೆಂಡು ಸ್ವಲ್ಪ ಎಡಕ್ಕೆ ಸರಿದು ಹೊರಡುತ್ತೆ, ಎಷ್ಟು ಅನ್ನೋದು ಶಾಫ್ಟಿನ ಮುಂದಿನ ಕೆಲವು ಇಂಚುಗಳ ತೂಕದ ಮೇಲಿದೆ. ಹಳೇ ಕ್ಯೂಗೆ ದಪ್ಪ ಶಾಫ್ಟು, ಉದ್ದ ಫೆರೂಲು, ಹಾಗಾಗಿ ಜಾಸ್ತಿ ಸರಿಯುತ್ತೆ, 1990ರ ದಶಕದಲ್ಲಿ ಬಂದ ಲೋ ಡಿಫ್ಲೆಕ್ಷನ್ (ಚೆಂಡು ಕಮ್ಮಿ ಸರಿಯೋ) ಶಾಫ್ಟುಗಳು ಇದೇ ತುದಿ ತೂಕ ಇಳಿಸಿ ಮಾಡಿದ್ದು. ಅಂಥದ್ರಲ್ಲಿ ಆಡಿ ಅಭ್ಯಾಸ ಆದೋರಿಗೆ ಹಳೇದು ಕೆಟ್ಟಿದೆ ಅನ್ಸುತ್ತೆ. ಬಟ್ಟಿನ ಬೋಲ್ಟ್ ಬದಲಾಯಿಸಿದ್ರೆ ಇದು ಸರಿಹೋಗಲ್ಲ, ಶಾಫ್ಟ್ ತೆಳ್ಳಗೆ ಮಾಡಿಸಿ ಅಂತ ಯಾರಾದ್ರೂ ಹೇಳಿದ್ರೆ ಅವರ ಮಾತು ಕೇಳಬೇಡಿ. ಬ್ರಿಡ್ಜ್ ಕೈಯನ್ನ ಹಿಂದೆ ಮುಂದೆ ಮಾಡಿ, ನಡುವಿಗೆ ಗುರಿ ಇಟ್ಟು ಆಮೇಲೆ ಹಿಂದಿನ ಕೈ ಮಾತ್ರ ಸರಿಸಿ ಸೈಡ್ ಹಾಕಿ, ಎಲ್ಲಿ ಬ್ರಿಡ್ಜ್ ಇಟ್ಟಾಗ ಚೆಂಡು ನೇರ ಹೋಗುತ್ತೋ ಆ ಅಳತೆ ನೆನಪಿಟ್ಕೊಳ್ಳಿ. ಈ ಕ್ಯೂಗೆ ಅದೇ ಅಳತೆ.

ಮಿಕ್ಕಿದ್ದು

ಶಾಫ್ಟ್ ಅಂಟಂಟಾದ್ರೆ ಸ್ಪಿರಿಟ್ ತಾಗಿಸಿದ ಬಟ್ಟೇಲಿ ಒರೆಸಿ, ಒಣಗಿದ ಮೇಲೆ ಚರ್ಮದ ತುಂಡಲ್ಲಿ ಬಿಸಿ ಆಗೋವರೆಗೆ ತಿಕ್ಕಿ, ಪೌಡರ್ ಸುರೀಬೇಡಿ, ಟೇಬಲ್ ಬಟ್ಟೆ ಹಾಳಾಗುತ್ತೆ. ನೀಲಿ ಬಣ್ಣ ಪೂರ್ತಿ ಹೋಗಲ್ಲ, ಇರ್ಲಿ ಬಿಡಿ.

ಫೆರೂಲು ಅಥವಾ ಬಟ್ಟಿನ ಬಿಳೀ ಭಾಗದ ಮೇಲೆ ಒಂದರ ಮೇಲೊಂದು ಹಾದು ಹೋಗೋ ಸಣ್ಣ ಗೆರೆಗಳು ಕಂಡ್ರೆ ಅದು ಆನೆದಂತ ಇರಬಹುದು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮಲ್ಲಿ ಅದರ ವ್ಯಾಪಾರ ನಿಷೇಧ, ಕೊಳ್ಳೋಕ್ಕೆ ಮಾರೋಕ್ಕೆ ಹೋಗಿ ಸಿಕ್ಕಿಬೀಳಬೇಡಿ.

ಟಿಪ್ ಹಾಕಿಸೋಕ್ಕೆ ಕ್ಲಬ್ಬಿನ ಮಾರ್ಕರ್ (ಟೇಬಲ್ ನೋಡ್ಕೊಳ್ಳೋರು) ಹತ್ರ ಕೊಡುವಾಗ ಫೆರೂಲ್ ಸುತ್ತ ಮಾಸ್ಕಿಂಗ್ ಟೇಪ್ ನೀವೇ ಸುತ್ತಿ ಕೊಡಿ. ಫೆರೂಲಿಗಿಂತ ಸ್ವಲ್ಪ ದೊಡ್ಡ ಟಿಪ್ಪು ಹಾಕಿ ಅಂಚನ್ನ ಬ್ಲೇಡಲ್ಲಿ ಕೊಯ್ಯಲಿ, ಅರದಿಂದ ಉಜ್ಜಬೇಡಿ ಅಣ್ಣ ಅಂತ ಮೊದ್ಲೇ ಹೇಳಿ, ಆಗೋದಾದ್ರೆ ಪಕ್ಕದಲ್ಲೇ ನಿಂತ್ಕೊಳ್ಳಿ.